ತಣ್ಣಗಿರುವಾಗ ನೋಡಿ, ನಿಧಾನಕ್ಕೆ ಓಡಿಸಿ: ಸೆಕೆಂಡ್ ಹ್ಯಾಂಡ್ ‘ಹಾಟ್ ಹ್ಯಾಚ್’ ಕೊಳ್ಳುವವರಿಗೆ

ಪೊಲೊ ಜಿಟಿ ಟಿಎಸ್‌ಐ ಹುಡುಕುತ್ತಿರುವವರ ಕಷ್ಟ ಹೆಚ್ಚುಕಡಿಮೆ ಒಂದೇ ಥರದ್ದು. ಕಾರು ಸಿಗುತ್ತದೆ, ಬಣ್ಣ ಹೊಳೆಯುತ್ತಿರುತ್ತದೆ, ಮಾರುವವನು ಕೀ ಕೈಗಿತ್ತು ‘ಓಡಿಸಿ ನೋಡಿ ಸಾರ್, ಪಿಕಪ್ ಹೆಂಗಿದೆ ಅಂತ’ ಅನ್ನುತ್ತಾನೆ. ನೈಸ್ ರಸ್ತೆಗೆ ಹೋಗಿ ಒಮ್ಮೆ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಅಲ್ಲಿಗೆ ವ್ಯಾಪಾರ ಕುದುರಿದಂತೆಯೇ. ಎರಡು ತಿಂಗಳು ಕಳೆದ ಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ನಡುವೆ ಗೇರ್ ಸೂಚಿಸುವ ಅಕ್ಷರ ಮಿನುಗತೊಡಗುತ್ತದೆ, ಹಿಂದಿನಿಂದ ಹಾರ್ನ್ ಸುರಿಮಳೆಯಾಗುತ್ತದೆ, ಗ್ಯಾರೇಜಿನವರು ಲಕ್ಷ ದಾಟುವ ಅಂದಾಜು ಪಟ್ಟಿ ಕೊಡುತ್ತಾರೆ.

ತಪ್ಪಿರುವುದು ಟೆಸ್ಟ್ ಡ್ರೈವ್ ಮಾಡಿದ ರೀತಿಯಲ್ಲಿ. ಟರ್ಬೊ ಎಂಜಿನ್ನಿನ ಚಿಕ್ಕ ಕಾರು ಬಿಸಿಯಾಗಿ, ವೇಗವಾಗಿ ಓಡುವಾಗ ತನ್ನ ಅತ್ಯುತ್ತಮ ಮುಖವನ್ನಷ್ಟೇ ತೋರಿಸುತ್ತದೆ. ಅದರ ಕಾಯಿಲೆಗಳೆಲ್ಲ ಹೊರಬೀಳುವುದು ಎಂಜಿನ್ ತಣ್ಣಗಿದ್ದಾಗ ಮತ್ತು ಕಾರು ತೆವಳುವಾಗ. ಈ ಲೇಖನದ ಬಹುಪಾಲು ಸಲಹೆಗಳು ಈ ಒಂದು ಮಾತಿನಿಂದಲೇ ಹುಟ್ಟಿದವು.

ಯಾವ ಕಾರುಗಳು?

ನಮ್ಮಲ್ಲಿ ಈ ಜಾತಿಯ ಕಾರುಗಳು ಬಂದದ್ದೇ ಕಡಿಮೆ. ಪೊಲೊ ಜಿಟಿ ಟಿಎಸ್‌ಐ 2013ರಲ್ಲಿ ಬಂತು: 1.2 ಲೀಟರ್ ಟರ್ಬೊ, 105 ಅಶ್ವಶಕ್ತಿ, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. 2020ರಲ್ಲಿ ಅದರ ಜಾಗಕ್ಕೆ ಮೂರು ಸಿಲಿಂಡರಿನ 1.0 ಲೀಟರ್ ಎಂಜಿನ್ ಬಂದು, ಗೇರ್‌ಬಾಕ್ಸೂ ಬದಲಾಯಿತು. 2022ರಲ್ಲಿ ಪೊಲೊ ಉತ್ಪಾದನೆಯೇ ನಿಂತಿತು. ಮಾರುತಿಯ ಬಲೆನೊ ಆರ್‌ಎಸ್ 2017ರಿಂದ 2020ರ ಆರಂಭದವರೆಗೆ ಮಾತ್ರ ಇತ್ತು. ಕೊಯಮತ್ತೂರಿನ ಜಯಂ ಸಂಸ್ಥೆಯ ಜೊತೆಗೂಡಿ ಟಾಟಾ ಮಾಡಿದ ಟಿಯಾಗೊ ಜೆಟಿಪಿ 2018ರದ್ದು. 2015ರ ಅಬಾರ್ತ್ ಪುಂಟೊ 145 ಅಶ್ವಶಕ್ತಿಯದು, ಈ ಗುಂಪಿನಲ್ಲೇ ಪುಂಡ. ಇವಕ್ಕೆ ಹುಂಡೈ ಐ20 ಎನ್ ಲೈನ್ ಸೇರಿಸಿದರೆ ಪಟ್ಟಿ ಬಹುತೇಕ ಮುಗಿಯಿತು.

ಯಾವುದು ಒಳ್ಳೆಯದು ಅಂತ ಕೇಳುವವರಿಗೆ ನನ್ನ ಉತ್ತರ: ನಿಮ್ಮ ಊರಿನಲ್ಲಿ ಯಾವುದನ್ನು ರಿಪೇರಿ ಮಾಡಬಲ್ಲ ಮೆಕ್ಯಾನಿಕ್ ಇದ್ದಾರೋ ಅದು. ಬಲೆನೊ ಆರ್‌ಎಸ್‌ನ ಎಂಜಿನ್ ಅಪರೂಪದ್ದಾದರೂ ಬಾಗಿಲು, ಬಂಪರ್, ಲೈಟುಗಳೆಲ್ಲ ಮಾಮೂಲಿ ಬಲೆನೊದವೇ. ಅಬಾರ್ತ್ ಹಾಗಲ್ಲ. ಫಿಯೆಟ್ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದೆ, ಬಿಡಿಭಾಗಕ್ಕಾಗಿ ಜೆ.ಸಿ. ರಸ್ತೆ ಸುತ್ತಿ, ಸಿಗದಿದ್ದರೆ ಹೊರದೇಶದಿಂದ ತರಿಸುವಷ್ಟು ತಾಳ್ಮೆ ಇದ್ದವರಿಗೆ ಮಾತ್ರ ಅದು. ಮನೆಯಲ್ಲಿ ಇರುವುದು ಒಂದೇ ಕಾರು ಅನ್ನುವವರು ಅಬಾರ್ತ್ ಆಸೆ ಬಿಡುವುದು ಒಳಿತು.

ಹೋಗುವ ಮೊದಲು

‘ಬೆಳಿಗ್ಗೆ ಬರುತ್ತೇನೆ, ನಾನು ಬರುವವರೆಗೆ ಕಾರು ಸ್ಟಾರ್ಟ್ ಮಾಡಬೇಡಿ’ ಅಂತ ಮಾರುವವರಿಗೆ ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ‘ವಾಟರ್ ವಾಶ್‌ಗೆ ತೆಗೆದಿದ್ದೆ’ ಅನ್ನುವ ಕಾರಣ ನಿಜವೇ ಇರಬಹುದು. ಆದರೂ ಇನ್ನೊಂದು ಬೆಳಿಗ್ಗೆ ಬರುವುದೇ ಸರಿ.

ಫೋನಿನಲ್ಲೇ ಕಾರಿನ ನಂಬರ್ ಕೇಳಿ ಪರಿವಾಹನ್ ಜಾಲತಾಣದಲ್ಲಿ ನೋಡಿ. ಎಷ್ಟನೇ ಮಾಲೀಕರು, ಸಾಲದ ನಮೂದು ಇದೆಯೇ, ವಿಮೆ ಎಂದಿನವರೆಗೆ, ಎಷ್ಟು ಚಲನ್ ಬಾಕಿ ಅನ್ನುವುದು ತಿಳಿದರೆ ಅರ್ಧ ಕಾರುಗಳು ಮನೆಯಿಂದಲೇ ಜರಡಿಯಾಗುತ್ತವೆ. ಚಲನ್ ಪಟ್ಟಿಯನ್ನು ದಂಡದ ಲೆಕ್ಕಕ್ಕಷ್ಟೇ ನೋಡಬೇಡಿ. ಮಿತಿಮೀರಿದ ವೇಗದ್ದೇ ಹತ್ತಾರು ಚಲನ್ ಇದ್ದರೆ ‘ಡಾಕ್ಟರ್ ಓಡಿಸಿದ ಕಾರು ಸಾರ್’ ಅನ್ನುವ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ತಣ್ಣಗಿನ ಪರೀಕ್ಷೆ

ರಾತ್ರಿಯಿಡೀ ನಿಂತ ಕಾರಿನಲ್ಲಿ ಆಯಿಲ್ ಪೂರ್ತಿ ಕೆಳಗಿನ ಸಂಪ್‌ಗೆ ಇಳಿದಿರುತ್ತದೆ. ಸವೆದ ಸೀಲ್‌ಗಳ ಮೂಲಕ ಜಿನುಗಬೇಕಾದದ್ದು ಜಿನುಗಿರುತ್ತದೆ. ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡು ಎಂಜಿನ್ ಆಯಿಲ್ ಒತ್ತಡವಿಲ್ಲದೆ ತಿರುಗುತ್ತದೆ. ಯಾವ ಬ್ರೋಕರನೂ ಆ ಕೆಲವು ಸೆಕೆಂಡುಗಳಿಗೆ ಪಾಲಿಶ್ ಹಾಕಲಾರ.

1. ಸ್ನೇಹಿತರೊಬ್ಬರನ್ನು ಒಳಗೆ ಕೂರಿಸಿ, ನೀವು ಬಾನೆಟ್ ತೆರೆದು ಪಕ್ಕದಲ್ಲಿ ನಿಲ್ಲಿ. ಕೀ ತಿರುಗಿಸಿದಾಗ ಎಂಜಿನ್, ಏರ್‌ಬ್ಯಾಗ್, ಎಬಿಎಸ್ ದೀಪಗಳೆಲ್ಲ ಒಮ್ಮೆ ಹತ್ತಿ ಆರಬೇಕು. ಹತ್ತದೇ ಇರುವ ದೀಪದ ಮೇಲೆ, ಆರದ ದೀಪಕ್ಕಿಂತ ಹೆಚ್ಚು ಅನುಮಾನಪಡಿ. ಕೆಟ್ಟ ಏರ್‌ಬ್ಯಾಗನ್ನು ಮುಚ್ಚಿಡಲು ದೀಪದ ಸಂಪರ್ಕ ಕಿತ್ತವರಿದ್ದಾರೆ.

2. ಸ್ಟಾರ್ಟ್ ಆದ ಕೂಡಲೇ ಎರಡು ಮೂರು ಸೆಕೆಂಡು ಲೋಹದ ಗಲಗಲ ಸದ್ದು ಬಂದು ನಿಂತರೆ, ಟೈಮಿಂಗ್ ಚೈನ್ ಇರುವ ಎಂಜಿನ್‌ಗಳಲ್ಲಿ ಚೈನ್ ಹಿಗ್ಗಿರುವ ಲಕ್ಷಣ. ಚೈನ್ ಬಿಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಒತ್ತಡ ಬಂದ ಮೇಲೆ ಸದ್ದು ಅಡಗುತ್ತದೆ, ಚೈನ್ ಮಾತ್ರ ಹಿಗ್ಗಿದಂತೆಯೇ ಇರುತ್ತದೆ. ಚೈನ್ ಹಲ್ಲು ಜಾರಿದರೆ ಪಿಸ್ಟನ್ನೂ ವಾಲ್ವೂ ಡಿಕ್ಕಿಯಾಗಿ ಎಂಜಿನ್ನೇ ಹೋಗಬಹುದು. ಪೊಲೊ 1.0 ಮತ್ತು ಅಬಾರ್ತ್ ಬೆಲ್ಟಿನವು. ಅಲ್ಲಿ ಕೇಳಬೇಕಾದದ್ದು ಬೆಲ್ಟ್ ಯಾವಾಗ ಬದಲಾಯಿಸಿದಿರಿ ಅಂತ.

3. ಸೈಲೆನ್ಸರ್ ಹೊಗೆ ನೋಡಿ. ನೀಲಿ ಹೊಗೆ ಬಂದರೆ ಟರ್ಬೊ ಸೀಲ್ ಅಥವಾ ವಾಲ್ವ್ ಸೀಲ್ ದಾಟಿ ಆಯಿಲ್ ಉರಿಯುತ್ತಿದೆ. ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಸಿಲಿಂಡರಿನೊಳಗೆ ಕೂಲೆಂಟ್ ಸೇರುತ್ತಿದೆ. ಆ ಕಾರನ್ನು ಬಿಟ್ಟುಬಿಡಿ. ಚಳಿಯ ಬೆಳಿಗ್ಗೆ ಒಂದೆರಡು ನಿಮಿಷ ಬರುವ ವಾಸನೆಯಿಲ್ಲದ ಬಿಳಿ ಆವಿ ಬರೀ ನೀರು, ಹೆದರಬೇಕಿಲ್ಲ.

4. ಕೂಲೆಂಟ್ ಡಬ್ಬಿಯ ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ತೆಗೆಯಿರಿ. ಬಿಸಿಯಲ್ಲಿ ತೆಗೆದರೆ ಮುಖ ಸುಡುತ್ತದೆ. ಪೊಲೊದಲ್ಲಿ ಕೂಲೆಂಟ್ ಗುಲಾಬಿ ಅಥವಾ ನೇರಳೆ ಬಣ್ಣದ್ದಿರಬೇಕು. ತುಕ್ಕಿನ ಬಣ್ಣದ ನೀರು ಕಂಡರೆ ಯಾರೋ ನಲ್ಲಿ ನೀರು ಸುರಿದಿದ್ದಾರೆ. ವಾಟರ್ ಪಂಪ್ ಸುತ್ತ ಒಣಗಿದ ಗುಲಾಬಿ ಕಲೆ ಇದ್ದರೆ ಸೋರಿಕೆ ಇದೆ ಅಂತಲೇ ಲೆಕ್ಕ.

ನಿಧಾನದ ಪರೀಕ್ಷೆ

2013ರಿಂದ 2020ರವರೆಗಿನ 1.2 ಲೀಟರಿನ ಜಿಟಿ ಟಿಎಸ್‌ಐ ಕೊಳ್ಳುವವರು ಇಲ್ಲಿ ಸ್ವಲ್ಪ ನಿಂತು ಓದಬೇಕು, ಯಾಕೆಂದರೆ ಹಣ ಹೋಗುವುದು ಹೆಚ್ಚಾಗಿ ಇಲ್ಲೇ.

ಅದರ ಡಿಎಸ್‌ಜಿ ಗೇರ್‌ಬಾಕ್ಸಿನ ಒಳಹೆಸರು ಡಿಕ್ಯೂ200. ಅದರಲ್ಲಿ ಆಯಿಲ್‌ನಲ್ಲಿ ಮುಳುಗದ ಎರಡು ಒಣ ಕ್ಲಚ್‌ಗಳಿವೆ. ಒಂದು ಕ್ಲಚ್ 1, 3, 5, 7ನೇ ಗೇರುಗಳಿಗೆ. ಇನ್ನೊಂದು 2, 4, 6 ಮತ್ತು ರಿವರ್ಸ್‌ಗೆ. ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನದು ತಯಾರಾಗಿರುತ್ತದೆ, ಅದಕ್ಕೇ ಗೇರ್ ಬದಲಾದದ್ದು ಗೊತ್ತೇ ಆಗುವುದಿಲ್ಲ. ಕ್ಲಚ್‌ಗಳನ್ನು ಒತ್ತುವ ಬಿಡುವ ಕೆಲಸ ಮೆಕಾಟ್ರಾನಿಕ್ ಅನ್ನುವ ಘಟಕದ್ದು: ಪಂಪು, ವಾಲ್ವುಗಳು, ಕಂಪ್ಯೂಟರು ಎಲ್ಲ ಒಟ್ಟಿಗೆ.

ಹೆದ್ದಾರಿಯಲ್ಲಿ ಕ್ಲಚ್ ಪೂರ್ತಿ ಹಿಡಿದುಕೊಂಡಿರುತ್ತದೆ, ಸವೆತವೇ ಇಲ್ಲ. ಟ್ರಾಫಿಕ್ಕಿನಲ್ಲಿ ಅಡಿ ಅಡಿ ಜರುಗುವಾಗ ಅದು ಅರ್ಧ ಹಿಡಿದು ಅರ್ಧ ಜಾರುತ್ತದೆ, ಕಾಯುತ್ತದೆ, ಸವೆಯುತ್ತದೆ. ತುಮಕೂರು ರಸ್ತೆಯಲ್ಲಿ 80,000 ಕಿ.ಮೀ. ಓಡಿದ ಕಾರಿಗಿಂತ ಮಾರತಹಳ್ಳಿಯಲ್ಲಿ 40,000 ಓಡಿದ ಕಾರಿನ ಕ್ಲಚ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಮೀಟರ್ ಕಡಿಮೆ ಓಡಿದೆ ಅಂತ ಹೆಚ್ಚು ಬೆಲೆ ಕೊಡುವವರು ಇದನ್ನು ಮರೆಯುತ್ತಾರೆ. ಈ ಗೇರ್‌ಬಾಕ್ಸಿಗಾಗಿ ಫೋಕ್ಸ್‌ವ್ಯಾಗನ್ 2013ರಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆಸಿ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿಕೊಟ್ಟಿತ್ತು. ಆದರೆ ಒಣ ಕ್ಲಚ್ಚಿನ ಸವೆತಕ್ಕೂ ಆ ಆಯಿಲ್‌ಗೂ ಸಂಬಂಧವಿಲ್ಲ.

ಪರೀಕ್ಷೆ ಹೀಗೆ. ಅರ್ಧ ಗಂಟೆ ಟ್ರಾಫಿಕ್ಕಿನಲ್ಲೇ ಓಡಿಸಿ, ಗೇರ್‌ಬಾಕ್ಸ್ ಬಿಸಿಯಾಗಲಿ. ಆಮೇಲೆ ಆಕ್ಸಿಲರೇಟರ್ ಮುಟ್ಟದೆ ಬ್ರೇಕ್ ಬಿಟ್ಟು ತೆವಳಲು ಬಿಡಿ, ನಡುಕವಿಲ್ಲದೆ ಜರುಗಬೇಕು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಮೆಲ್ಲಗೆ ಏರಿಸಿ. ಕೊನೆಗೆ ಯಾವುದಾದರೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ರಿವರ್ಸ್‌ನಲ್ಲಿ ಮೇಲೆ ಹತ್ತಿಸಿ. ಹೊರಡುವಾಗ ನಡುಗಿದರೆ ಮೊದಲ ಕ್ಲಚ್, ಎರಡನೇ ಗೇರಿನಲ್ಲೂ ರಿವರ್ಸ್‌ನಲ್ಲೂ ನಡುಗಿದರೆ ಎರಡನೆಯದು. ಸಮ ಸಂಖ್ಯೆಯ ಗೇರುಗಳೂ ರಿವರ್ಸೂ ಒಟ್ಟಿಗೆ ಮಾಯವಾದರೆ ತೊಂದರೆ ಕ್ಲಚ್ಚಿನದಷ್ಟೇ ಅಲ್ಲ, ಮೆಕಾಟ್ರಾನಿಕ್‌ನದೂ ಇರಬಹುದು.

ಒಂದು ಎಚ್ಚರಿಕೆ. ಕಂಪ್ಯೂಟರಿನಿಂದ ‘ಅಡಾಪ್ಟೇಶನ್’ (ಕ್ಲಚ್ ಹಿಡಿಯುವ ಹಂತದ ಮರುಹೊಂದಾಣಿಕೆ) ಮಾಡಿಸಿದರೆ ಸವೆದ ಕ್ಲಚ್ಚೂ ಕೆಲವು ದಿನ ನಯವಾಗಿ ನಡೆಯುತ್ತದೆ. ಮಾರುವ ಹಿಂದಿನ ವಾರ ಇದನ್ನು ಮಾಡಿಸುವ ಜಾಣರಿದ್ದಾರೆ. ಸರ್ವಿಸ್ ದಾಖಲೆಯ ಕೊನೆಯ ಎರಡು ಮೂರು ಬಿಲ್‌ಗಳಲ್ಲಿ ಗೇರ್‌ಬಾಕ್ಸ್ ಹೆಸರು ಕಂಡರೆ ವಿವರ ಕೇಳಿ. ಕ್ಲಚ್ ಪ್ಯಾಕ್ ಅಥವಾ ಮೆಕಾಟ್ರಾನಿಕ್ ಬದಲಾಯಿಸಿದ ಬಿಲ್ ಇದ್ದರೆ ಅದು ಕಳಂಕವಲ್ಲ, ನಿಮ್ಮ ಅದೃಷ್ಟ. ಖರ್ಚು ಇನ್ನೊಬ್ಬರ ಜೇಬಿನಿಂದ ಆಗಿದೆ.

ಮ್ಯಾನುಯಲ್ ಗೇರಿನ ಕಾರುಗಳಿಗೆ ಇಷ್ಟು ಪುರಾಣವಿಲ್ಲ. ನಾಲ್ಕನೇ ಗೇರಿನಲ್ಲಿ 40ರ ವೇಗದಿಂದ ಪೂರ್ತಿ ಒತ್ತಿ ನೋಡಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಅದರ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.

ಸ್ಕ್ಯಾನರ್ ಒಯ್ಯಿರಿ

ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಚುಚ್ಚುವ ಅಗ್ಗದ ಬ್ಲೂಟೂತ್ ಸಾಧನ ಎಂಜಿನ್ ಕೋಡ್‌ಗಳನ್ನು ಮಾತ್ರ ಓದುತ್ತದೆ. ಪೊಲೊದ ಗೇರ್‌ಬಾಕ್ಸ್ ಓದಲು ವಿಸಿಡಿಎಸ್‌ನಂಥ ಉಪಕರಣ ಇರುವ ಮೆಕ್ಯಾನಿಕ್ ಬೇಕು. ಅವರ ಶುಲ್ಕ ಕೊಟ್ಟು ಜೊತೆಗೆ ಕರೆದೊಯ್ಯಿರಿ.

ಕೆಲವು ಕೋಡ್‌ಗಳ ಅರ್ಥ ತಿಳಿದಿರಲಿ. ಪಿ0299 ಅಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ. ಪಿ0016 ಅಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ತಾಳ ತಪ್ಪಿವೆ. ಹಿಗ್ಗಿದ ಚೈನ್ ಇದಕ್ಕೊಂದು ಕಾರಣ. ಪಿ0301ರಿಂದ ಪಿ0304 ಆಯಾ ಸಿಲಿಂಡರಿನ ಮಿಸ್‌ಫೈರ್. ಪಿ0420 ಕ್ಯಾಟಲಿಟಿಕ್ ಕನ್ವರ್ಟರಿನದು. ಸದ್ದಿಗಾಗಿ ಸೈಲೆನ್ಸರ್ ಬದಲಾಯಿಸಿದವರ ಕಾರುಗಳಲ್ಲಿ ಇದು ಸಾಮಾನ್ಯ. ಡಿಕ್ಯೂ200ರಲ್ಲಿ ಪಿ17ಬಿಎಫ್ ಬಂದಿದ್ದರೆ ಮೆಕಾಟ್ರಾನಿಕ್‌ನ ಹೈಡ್ರಾಲಿಕ್ ಒತ್ತಡ ನಿಲ್ಲುತ್ತಿಲ್ಲ, ದೊಡ್ಡ ಖರ್ಚು ಕಾದಿದೆ.

ಒಂದೂ ಕೋಡ್ ಇಲ್ಲವೆಂದು ಹಿಗ್ಗಬೇಡಿ. ಅದೇ ಸ್ಕ್ಯಾನರಿನಲ್ಲಿ ‘ರೆಡಿನೆಸ್ ಮಾನಿಟರ್’ ಪುಟ ತೆರೆಯಿರಿ. ಕೋಡ್ ಅಳಿಸಿದಾಗ ಈ ಮಾನಿಟರ್‌ಗಳೂ ಶೂನ್ಯಕ್ಕೆ ಬರುತ್ತವೆ, ಮತ್ತೆ ಪೂರ್ಣವಾಗಲು ಕೆಲವು ದಿನದ ಓಡಾಟ ಬೇಕು. ಹಲವು ಅಪೂರ್ಣ ಅಂತ ತೋರಿಸಿದರೆ ಇತ್ತೀಚೆಗೆ ಬ್ಯಾಟರಿ ಬಿಚ್ಚಿದ್ದಾರೆ, ಇಲ್ಲವೇ ಕೋಡ್ ಅಳಿಸಿದ್ದಾರೆ.

ಮೈಕಟ್ಟು

ಬಣ್ಣದ ದಪ್ಪ ಅಳೆಯುವ ಸಾಧನ ಸಿಕ್ಕರೆ ಬಳಸಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಅದರ ದುಪ್ಪಟ್ಟು ಬಂದರೆ ಮರುಬಣ್ಣ, ಇನ್ನೂ ಹಲವು ಪಟ್ಟು ಬಂದರೆ ಒಳಗೆ ಪುಟ್ಟಿ. ಒಂದು ಬಾಗಿಲಿಗೆ ಬಣ್ಣ ಹೊಡೆಸಿದ್ದು ಬೆಂಗಳೂರಿನಲ್ಲಿ ದೊಡ್ಡ ವಿಷಯವೇ ಅಲ್ಲ. ಛಾವಣಿ, ಕಂಬಗಳು, ಬಾನೆಟ್ ಒಳಗಿನ ಚಾಸಿ ತೋಳುಗಳಲ್ಲಿ ವೆಲ್ಡಿಂಗ್ ಗುರುತಿದ್ದರೆ ಮಾತ್ರ ಹಿಂದಕ್ಕೆ ಸರಿಯಿರಿ. ಪೊಲೊಗಳನ್ನು ರ‍್ಯಾಲಿಗೂ ಬಳಸುತ್ತಾರೆ. ಕಾರ್ಪೆಟ್ ಎತ್ತಿದಾಗ ರೋಲ್ ಕೇಜ್ ಕೂರಿಸಿದ ತೂತುಗಳು ಕಂಡರೆ ಆ ಕಾರು ಎಲ್ಲೆಲ್ಲಿ ಹಾರಿತ್ತೆಂದು ಊಹಿಸಿಕೊಳ್ಳಬಹುದು.

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರ್ ಕಾರಿಗಿಂತ ಹೊಸದಾಗಿದ್ದರೆ, ‘20,000 ಕಿ.ಮೀ. ಮಾತ್ರ’ ಅನ್ನುವ ಕಾರಿಗೆ ಎರಡನೇ ಜೊತೆ ಟೈರ್ ಯಾಕೆ ಬೇಕಾಯಿತು ಅಂತ ಕೇಳಿ.

ನೆರೆಯಲ್ಲಿ ಮುಳುಗಿದ ಕಾರುಗಳ ಬಗ್ಗೆ ಬೆಂಗಳೂರಿನವರಿಗೆ ಹೇಳಬೇಕಿಲ್ಲ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಹೊರವರ್ತುಲ ರಸ್ತೆಯ ಬಡಾವಣೆಗಳ ಬೇಸ್‌ಮೆಂಟುಗಳಲ್ಲಿ ನಿಂತಿದ್ದ ಕಾರುಗಳು ಎಲ್ಲಿಯೋ ಮಾರಾಟವಾಗಿಯೇ ಇರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಒಳಗಿನ ತುದಿಯಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿ, ಸ್ಟೆಪ್ನಿ ಗುಂಡಿ, ಕಾರ್ಪೆಟ್ ಅಡಿಯ ಫೋಮ್ ಮುಟ್ಟಿ ನೋಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

* ರಿಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದ ಕಾರನ್ನು ‘ಬೋನಸ್’ ಅಂದುಕೊಳ್ಳುವುದು. ಡಿಕ್ಯೂ200 ತಾಳಿಕೊಳ್ಳುವ ತಿರುಗುಬಲ 250 ನ್ಯೂಟನ್ ಮೀಟರ್, ಮೂಲ 1.2 ಎಂಜಿನ್ನಿನದು 175. ರಿಮ್ಯಾಪ್ ಆದ ಮೇಲೆ ಎರಡರ ನಡುವೆ ಉಳಿಯುವ ಅಂತರ ತೀರಾ ಕಡಿಮೆ. ಮಾರ್ಪಾಡನ್ನು ತಿಳಿಸದಿದ್ದರೆ ವಿಮೆ ಕ್ಲೇಮಿನಲ್ಲೂ ತಕರಾರು ಬರುತ್ತದೆ.
* ಇರುವ ಹಣವನ್ನೆಲ್ಲ ಬೆಲೆಗೇ ಸುರಿಯುವುದು. ಬೆಲೆಯ ಐದನೇ ಒಂದು ಭಾಗವನ್ನಾದರೂ ಮೊದಲ ವರ್ಷದ ರಿಪೇರಿಗೆ ಎತ್ತಿಡಿ. ಅಷ್ಟು ಉಳಿಯದಿದ್ದರೆ ಇನ್ನೂ ಅಗ್ಗದ ಮಾಡೆಲ್ ನೋಡಿ.
* ದೆಹಲಿ ಕಾರು ಅಗ್ಗವೆಂದು ತರುವುದು. ಎನ್‌ಒಸಿ, ಮರುನೋಂದಣಿ, ಇಲ್ಲಿನ ಜೀವಾವಧಿ ತೆರಿಗೆ ಸೇರಿಸಿದರೆ ಲಾಭ ಕರಗುತ್ತದೆ. 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಕಡ್ಡಾಯ.

ಕೊಂಡ ಮೇಲೆ ತೊಂದರೆ ಬಂದರೆ

ಅಗ್ಗದ ಕಾರಣದಿಂದ ದುಬಾರಿ ಕಾರಣದ ಕಡೆಗೆ ಹೋಗಿ. ಗ್ಯಾರೇಜುಗಳು ಹಲವು ಸಲ ಇದನ್ನು ತಿರುಗಿಸಿ ಮಾಡುತ್ತವೆ.

*ಪಿಕಪ್ ಇದ್ದಕ್ಕಿದ್ದಂತೆ ಬಿದ್ದುಹೋಯಿತು.* ಟರ್ಬೊ ಕೆಟ್ಟಿದೆ ಅನ್ನುವ ಮೊದಲು ಇಂಟರ್‌ಕೂಲರ್ ಪೈಪುಗಳ ಕ್ಲಿಪ್ ನೋಡಿಸಿ. ಒಂದು ಕ್ಲಿಪ್ ಸಡಿಲವಾದರೆ ಒತ್ತಿದ ಗಾಳಿ ಹೊರಗೆ ಹೋಗುತ್ತದೆ. ಕಾಲು ಒತ್ತಿದಾಗ ‘ಸುಯ್’ ಅನ್ನುವ ಸದ್ದು ಅದರದೇ. ಆಮೇಲೆ ವೇಸ್ಟ್‌ಗೇಟ್ ಕಡ್ಡಿ ಅಂಟಿಕೊಂಡಿದೆಯೇ ನೋಡಬೇಕು. ಟರ್ಬೊ ಬಿಚ್ಚುವುದು ಕೊನೆಗೆ.

*ನಿಂತಾಗ ಎಂಜಿನ್ ನಡುಕ, ಎಂಜಿನ್ ದೀಪ ಮಿನುಗು.* ಮಿನುಗುತ್ತಿದ್ದರೆ ಓಡಿಸಬೇಡಿ, ಉರಿಯದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಕೋಡ್ ಪಿ0302 ಬಂದಿದ್ದರೆ ಎರಡನೇ ಸಿಲಿಂಡರಿನ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿಸಿ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲೇ ಕಳ್ಳ. ಬದಲಾಗದಿದ್ದರೆ ಸ್ಪಾರ್ಕ್ ಪ್ಲಗ್, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಶನ್ ಪರೀಕ್ಷೆ.

*ತಣ್ಣಗಿದ್ದಾಗ ಒರಟು, ಬಿಸಿಯಾದಮೇಲೆ ಸರಿ.* ಟಿಎಸ್‌ಐ, ಬಲೆನೊ ಆರ್‌ಎಸ್‌ಗಳಲ್ಲಿ ಪೆಟ್ರೋಲು ನೇರ ಸಿಲಿಂಡರಿಗೇ ಚಿಮ್ಮುತ್ತದೆ. ಹೀಗಾಗಿ ಗಾಳಿ ಒಳಬಿಡುವ ವಾಲ್ವುಗಳ ಹಿಂಬದಿಯನ್ನು ಪೆಟ್ರೋಲು ತೊಳೆಯುವುದಿಲ್ಲ, ಅಲ್ಲಿ ಮಸಿ ಕಟ್ಟುತ್ತದೆ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿ ಅಲ್ಲಿಗೆ ತಲುಪುವುದೇ ಇಲ್ಲ. ಮ್ಯಾನಿಫೋಲ್ಡ್ ಬಿಚ್ಚಿ ಕೈಯಿಂದಲೇ ತೆಗೆಸಬೇಕು. ಅಬಾರ್ತ್, ಜೆಟಿಪಿಗಳಿಗೆ ಈ ಕಾಟವಿಲ್ಲ.

*ಗೇರ್ ಅಕ್ಷರ ಮಿನುಗಿ ಕಾರು ನಿಂತಿತು.* ಪಕ್ಕಕ್ಕೆ ಹಾಕಿ, ಆಫ್ ಮಾಡಿ, ಅರ್ಧ ಗಂಟೆ ತಣಿಯಲು ಬಿಡಿ. ಮತ್ತೆ ಓಡಿದರೂ ಅದೇ ದಿನ ಸ್ಕ್ಯಾನ್ ಮಾಡಿಸಿ. ಕೋಡ್ ಅಳಿಸಿಕೊಂಡು ಊರಿಗೆ ಹೊರಟರೆ ಶಿರಾಡಿ ಘಾಟಿಯ ಏರಿನಲ್ಲಿ ಮತ್ತೆ ಮಿನುಗಬಹುದು. ಇದು ಬಾರದಿರಲು ಟ್ರಾಫಿಕ್ಕಿನಲ್ಲಿ ಮುಂದಿನ ಕಾರಿನೊಂದಿಗೆ ಇಂಚು ಇಂಚಾಗಿ ಜರುಗಬೇಡಿ. ಬ್ರೇಕ್ ಬಲವಾಗಿ ಒತ್ತಿ ನಿಂತು, ಒಂದು ಕಾರಿನಷ್ಟು ಜಾಗವಾದ ಮೇಲೆ ಹೊರಡಿ. ಏರಿನಲ್ಲಿ ಆಕ್ಸಿಲರೇಟರಿನಿಂದ ಕಾರನ್ನು ತಡೆದು ನಿಲ್ಲಿಸುವ ಚಟ ಇದ್ದರೆ ಇಂದೇ ಬಿಡಿ.

ಆಯಿಲ್ ವಿಷಯದಲ್ಲಿ ನಾನು ಕಂಜೂಸಿಯ ವಿರೋಧಿ. ಟರ್ಬೊದ ಬೇರಿಂಗ್ ತಿರುಗುವುದು ತೆಳ್ಳನೆಯ ಆಯಿಲ್ ಪದರದ ಮೇಲೆ. ಕೈಪಿಡಿಯಲ್ಲಿ ಬರೆದ ದರ್ಜೆಯದನ್ನೇ ಹಾಕಿಸಿ, ನಗರದೊಳಗೇ ಓಡುವ ಕಾರಾದರೆ ಕಂಪನಿ ಹೇಳಿದ ಅಂತರ ಮುಗಿಯುವ ಮೊದಲೇ ಬದಲಾಯಿಸಿ. ಘಾಟಿ ಹತ್ತಿ ಬಂದ ಕೂಡಲೇ ಎಂಜಿನ್ ಆಫ್ ಮಾಡದೆ ಒಂದು ನಿಮಿಷ ಸುಮ್ಮನೆ ತಿರುಗಲು ಬಿಡಿ.

ಕಾಗದಪತ್ರ

ಫಾರಂ 29 ಮತ್ತು 30 ಹೆಸರು ವರ್ಗಾವಣೆಗೆ, ಸಾಲ ತೀರಿದ್ದಕ್ಕೆ ಫಾರಂ 35, ಹೊರರಾಜ್ಯದ ಎನ್‌ಒಸಿಗೆ ಫಾರಂ 28. 2019ರ ಏಪ್ರಿಲ್‌ಗೆ ಮುಂಚಿನ ಕಾರಿಗೆ ಅತಿಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ನೋಡಿ. ಪೂರ್ತಿ ಹಣ ಕೊಡುವ ಮೊದಲು ಬಾಕಿ ಚಲನ್‌ಗಳನ್ನು ಮಾರುವವರಿಂದಲೇ ಕಟ್ಟಿಸಿ. ಮಾರುವವರೂ ಉದಾಸೀನ ಮಾಡುವಂತಿಲ್ಲ: ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಿಂದಿನವರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಆ ವ್ಯತ್ಯಾಸದ ಹಣವನ್ನು ವಿಮಾ ಕಂಪನಿ ನಿಮ್ಮಿಂದ ಕೇಳುತ್ತದೆ. ಬೆಲೆ ಮಾತಾಡುವಾಗಲೇ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.